ಹೆಬ್ಬೆಟ್ಟು ಒತ್ತಿದರೆ ಸಾಕು

ಕಂಪನಿಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಮಿಕ್ಕವರಿಗೆಲ್ಲ ಅವಳು ಸುದ್ದಿಯಕ್ಕ. ಹತ್ತೊಂಬತ್ತು ವರ್ಷ, ದಿನಾ ಬೆಳಿಗ್ಗೆ ಎಂಟೂವರೆಗೆ ಮುಖ್ಯ ಕಚೇರಿಯ ಕಿಟಕಿ ಪಕ್ಕ ಕೂತು, ಕರಾವಳಿ, ಬಯಲು, ಗುಡ್ಡ ಅಂತ ಮೂರು ದಿಕ್ಕಿಗೆ ಹರಡಿದ್ದ ಹದಿನಾಲ್ಕು ಗೋದಾಮುಗಳಿಗೆ ಒಂದೊಂದಾಗಿ ಫೋನ್ ಮಾಡುತ್ತಿದ್ದಳು. ಯಾವ ಲಾರಿ ಬರುತ್ತದೆ, ಯಾವ ಯಂತ್ರ ಕೆಟ್ಟಿದೆ, ಯಾರಿಗೆ ರಜೆ ಸಿಕ್ಕಿದೆ. ನಡುವೆ ಯಾರದೋ ಮಗಳ ಹೆರಿಗೆ, ಇನ್ಯಾರದೋ ಮಂಡಿನೋವು. ಕೊನೆಯ ಫೋನು ಗುಡ್ಡದ ಗೋದಾಮಿಗೆ. ಅಲ್ಲಿ ಮೂಟೆ ತೂಗುವ ತೂಕದಣ್ಣ ಅವಳಿಗಿಂತ ಹತ್ತು ವರ್ಷ ದೊಡ್ಡವನಾದರೂ “ಹೇಳಿ ಅಕ್ಕ” ಎನ್ನುತ್ತಿದ್ದ. ಹೇಳಿದ್ದನ್ನೆಲ್ಲ ಪಾಠ ಒಪ್ಪಿಸುವ ಹಾಗೆ ತಿರುಗಿ ಒಪ್ಪಿಸುತ್ತಿದ್ದ. ಅದು ಅವನ ಚಾಳಿ ಎಂದುಕೊಂಡಿದ್ದಳು ಸುದ್ದಿಯಕ್ಕ. ಓದು ಬರಹ ಬಾರದವನ ಉಪಾಯ ಅದು ಎಂದು ಅವಳಿಗೆ ಹೊಳೆದಿರಲಿಲ್ಲ.

ಹದಿನಾಲ್ಕು ಫೋನು ಮುಗಿಯುವಷ್ಟರಲ್ಲಿ ಹನ್ನೊಂದು ಗಂಟೆ. ಗಂಟಲು ಬಿದ್ದುಹೋಗಿರುತ್ತಿತ್ತು. ಹೋದ ವರ್ಷ ಮ್ಯಾನೇಜರ್ ಕರೆದು, ಫೋನು, ಗೋಡೆಯ ನೋಟಿಸು, ಮೊಬೈಲ್ ಗ್ರೂಪು, ಇವುಗಳಲ್ಲಿ ಸುದ್ದಿ ಮುಟ್ಟಿಸಲು ಯಾವುದು ಒಳ್ಳೆಯದೋ ನೀವೇ ಆರಿಸಿ ಎಂದರು. ಅವಳು ಗ್ರೂಪನ್ನು ಆರಿಸಿದಳು. ಎಲ್ಲರಿಗೂ ಇದು ಅನುಕೂಲವೇ ಎಂದು ಕೇಳಿದಳು ಕೂಡ. ಕೇಳಿದ್ದು ಅದೇ ಗ್ರೂಪಿನಲ್ಲಿ. ಓದಲು ಬಾರದವರು ಕೈ ಎತ್ತಿ ಎಂದು ಬೋರ್ಡಿನ ಮೇಲೆ ಬರೆಯುವ ಬುದ್ಧಿವಂತಿಕೆ ಇದು.

“ಉತ್ತರ ಬರೀಬೇಕಾಗಿಲ್ಲ. ಮೆಸೇಜ್ ಬಂದ ತಕ್ಷಣ ಹೆಬ್ಬೆಟ್ಟು ಒತ್ತಿ, ಸಾಕು” ಎಂದು ಕೊನೆಯ ಸಲ ಫೋನ್ ಮಾಡಿದಾಗ ಎಲ್ಲರಿಗೂ ಹೇಳಿಕೊಟ್ಟಳು.

ಅವಳು ಹೇಳಿದ್ದು ಮೇಲೆತ್ತಿದ ಹೆಬ್ಬೆರಳಿನ ಚಿತ್ರ. ತೂಕದಣ್ಣನಿಗೆ ಹೆಬ್ಬೆಟ್ಟು ಹೊಸದಲ್ಲ. ಗೋದಾಮಿನ ಹಾಜರಿ ಪುಸ್ತಕದಲ್ಲಿ ಮೂವತ್ತು ವರ್ಷದಿಂದ ಒತ್ತುತ್ತಿದ್ದ. ಅಲ್ಲಿ ಏನು ಬರೆದಿದೆ ಎಂದು ಅವನು ಕೇಳಿದ್ದಿಲ್ಲ, ಯಾರೂ ಓದಿ ಹೇಳಿದ್ದೂ ಇಲ್ಲ. ಇಲ್ಲೂ ಅಷ್ಟೇ ಎಂದುಕೊಂಡ. ಫೋನು ಗುಂಯ್ ಎಂದರೆ ಸಾಕು, ಒತ್ತುತ್ತಿದ್ದ. ಎಲ್ಲರಿಗಿಂತ ಮೊದಲ ಹೆಬ್ಬೆಟ್ಟು ಅವನದೇ. ಸುದ್ದಿಯಕ್ಕ ಆ ಲೆಕ್ಕವನ್ನು ಮೀಟಿಂಗಿನಲ್ಲಿ ಹೆಮ್ಮೆಯಿಂದ ತೋರಿಸಿದಳು, ಮ್ಯಾನೇಜರ್ ಬೆನ್ನು ತಟ್ಟಿದರು.

ಮೊನ್ನೆ ಲಿಫ್ಟ್ ತಯಾರಿಸಿದವರಿಂದ ಕಾಗದ ಬಂತು. ಗುಡ್ಡದ ಗೋದಾಮಿನಲ್ಲಿರುವ ಬಗೆಯ ಲಿಫ್ಟಿನ ಬ್ರೇಕು ನಂಬುವಂತಿಲ್ಲ, ಯಾರೂ ಹತ್ತಬಾರದು. ಅವಳು ಗ್ರೂಪಿಗೆ ಹಾಕಿದಳು. ಅರ್ಧ ನಿಮಿಷದಲ್ಲಿ ತೂಕದಣ್ಣನ ಹೆಬ್ಬೆಟ್ಟು ಬಂತು. ಅವಳು ನೆಮ್ಮದಿಯಾಗಿ ಚಹಾ ಕುಡಿದಳು. ಮಧ್ಯಾಹ್ನ ಅವನು ಮೂಟೆಗಳ ಜೊತೆ ಲಿಫ್ಟ್ ಹತ್ತಿದ. ಲಿಫ್ಟ್ ಎರಡನೇ ಮಹಡಿಯಿಂದ ಕುಸಿದು ಅವನ ಎರಡೂ ಕಾಲು ಮುರಿಯಿತು.

“ಆ ಹೆಬ್ಬೆಟ್ಟು ಇದೆಯಲ್ಲ, ನಾವು ಬಚಾವು” ಎಂದರು ಮ್ಯಾನೇಜರ್. “ಅವನಿಂದ ಒಂದು ತಪ್ಪೊಪ್ಪಿಗೇನೂ ತಗೊಂಡುಬಿಡಿ. ಸೋಮವಾರ ವಿಚಾರಣೆ ಇದೆ.”

ತಪ್ಪೊಪ್ಪಿಗೆ ಕೊಟ್ಟರೆ ಅವನ ಕೆಲಸ ಹೋದಂತೆಯೇ ಎಂದು ಅವಳಿಗೆ ಗೊತ್ತಿತ್ತು. ಆದರೂ ಅವನ ಹೆಸರಲ್ಲಿ ಬರೆದಳು, ಹೆಬ್ಬೆಟ್ಟಿಗೆಂದು ಅವನ ಫೋನಿಗೆ ಕಳಿಸಿದಳು. ತಪ್ಪು ಅವನದಾದರೆ ತನ್ನದು ಉಳಿಯುವುದಿಲ್ಲವಲ್ಲ ಎಂಬ ಸಣ್ಣ ಆಸೆಯೂ ಆಗ ಇತ್ತು. ಎರಡು ದಿನವಾದರೂ ಅವನ ಫೋನು ಬಂದ್. ನೋಡಿಕೊಂಡು ಬರುವ ನೆಪದಲ್ಲಿ ತಾನೇ ಆಸ್ಪತ್ರೆಗೆ ಹೊರಟಳು.

ಅವನನ್ನು ಅವಳು ಕಣ್ಣಾರೆ ನೋಡಿದ್ದು ಅದೇ ಮೊದಲು. ಎರಡು ಕಾಲಿಗೂ ಪ್ಲಾಸ್ಟರು. ಅವಳ ದನಿ ಕೇಳಿದ್ದೇ ತಡ, ಅವನ ಮುಖ ಅರಳಿತು.

“ನಮ್ಮ ಸುದ್ದಿಯಕ್ಕ ಕಣೇ” ಎಂದ ಹೆಂಡತಿಗೆ. ಆಮೇಲೆ ತಲೆ ತಗ್ಗಿಸಿದ. “ಅಕ್ಕ, ನನ್ನಿಂದ ನಿಮಗೆ ಕೆಟ್ಟ ಹೆಸರು ಬಂತೇನೋ. ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳಿ. ಒಂದು ಮೆಸೇಜೂ ಬಿಟ್ಟಿಲ್ಲ ನಾನು, ಎಲ್ಲಾದಕ್ಕೂ ಹೆಬ್ಬೆಟ್ಟು ಒತ್ತಿದೀನಿ.”

“ಓದಿ ಒತ್ತಿದ್ರಾ ಅಣ್ಣ?”

ಅವನು ನಕ್ಕ. “ಓದಕ್ಕೆ ಬಂದಿದ್ರೆ ಸಹಿ ಹಾಕ್ತಿರಲಿಲ್ವಾ?”

ಅಷ್ಟರಲ್ಲಿ ಹೆಂಡತಿ ಚಾರ್ಜಿಗೆ ಹಾಕಿದ್ದ ಫೋನನ್ನು ಆನ್ ಮಾಡಿ ತಂದುಕೊಟ್ಟಳು. ಅದು ಗುಂಯ್ ಎಂದಿತು. ತೂಕದಣ್ಣನ ಹೆಬ್ಬೆರಳು ಆಗಲೇ ಮೇಲೆದ್ದಿತ್ತು. ಸುದ್ದಿಯಕ್ಕ ಬಾಗಿ ಆ ಕೈ ಹಿಡಿದುಕೊಂಡಳು.

“ತಡೀರಿ ಅಣ್ಣ, ಓದಿ ಹೇಳ್ತೀನಿ” ಎಂದು ತಾನೇ ಬರೆದದ್ದನ್ನು ತನ್ನದೇ ದನಿಯಲ್ಲಿ ಓದಿದಳು. “ಲಿಫ್ಟ್ ಹತ್ತಬಾರದು ಎಂದು ಗೊತ್ತಿದ್ದೂ ಹತ್ತಿದೆ. ಆದದ್ದಕ್ಕೆ ನಾನೇ ಹೊಣೆ.”

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಅವನು ಹಳೆಯ ಅಭ್ಯಾಸದಂತೆ ಅಷ್ಟನ್ನೂ ಮೆಲ್ಲಗೆ ತಿರುಗಿ ಒಪ್ಪಿಸಿದ. “ಗೊತ್ತಿದ್ದೂ ಹತ್ತಿದೆ. ನಾನೇ ಹೊಣೆ. ಸರಿನಾ ಅಕ್ಕ? ನೀವು ಹೇಳಿದ ಮೇಲೆ ಸರೀನೇ ಇರುತ್ತೆ. ಒತ್ತಲಾ?”

“ಬೇಡ” ಎಂದಳು. “ನಿಮಗೆ ಗೊತ್ತಿರಲಿಲ್ಲ ಅಣ್ಣ. ಗೊತ್ತುಮಾಡೋದು ನನ್ನ ಕೆಲಸ, ನಾನು ಮಾಡಲಿಲ್ಲ.”

ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತು ಮ್ಯಾನೇಜರಿಗೆ ಫೋನ್ ಮಾಡಿದಳು. ತೂಕದಣ್ಣನಿಗೂ ಕೇಳಿಸಲಿ ಎಂದು ಸ್ಪೀಕರ್ ಹಾಕಿದಳು.

“ಸರ್, ಸೋಮವಾರದ ತಪ್ಪೊಪ್ಪಿಗೆ ಬರೆದುಕೊಳ್ಳಿ” ಎಂದಳು. “ಅವರದ್ದಲ್ಲ, ನನ್ನದು.”