ಘಟದ ಕಾಳಿಗೆ ಬಿಸಿನೀರು

ನಾನು ಮದುವೆಯಾಗಿ ಬಾಗಲಕೋಟೆಯಿಂದ ಹುನಗುಂದಕ್ಕೆ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ನನ್ನ ಗಂಡ ಗ್ರಾಮಸೇವಕ. ಸೈಕಲ್ಲಿಗೆ ಔಷಧಿಯ ಡಬ್ಬಿ ಕಟ್ಟಿಕೊಂಡು ಗುಡೂರಿನ ಕಡೆಯ ಹಳ್ಳಿಗಳಿಗೆ ಹೋಗಿ, ಬೀಜಕ್ಕೆ ಔಷಧಿ ಹಚ್ಚದೆ ಬಿತ್ತಬೇಡಿ, ಬೂಷ್ಟು ಹಿಡಿಯುತ್ತದೆ, ರೋಗ ಬರುತ್ತದೆ ಎಂದು ರೈತರಿಗೆ ತಿಳಿಸಿ ಹೇಳುವುದು ಅವರ ಕೆಲಸ. ಕಟ್ಟೆಯ ಮೇಲೆ ನಿಂತರೆ ಹೊತ್ತು ಮುಳುಗುವ ತನಕ ಮಾತಾಡುತ್ತಿದ್ದರಂತೆ. ಮನೆಯಲ್ಲಿ, ತಮ್ಮ ಅವ್ವನ ಎದುರಿಗೆ, ಅದೇ ಬಾಯಿಗೆ ಬೀಗ. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಆ ಕತ್ತಲೆಯಲ್ಲೇ ನನ್ನ ಸಂಸಾರ ಸುರುವಾಯಿತು.

ಮೊದಲ ವರ್ಷದ ನವರಾತ್ರಿಯಲ್ಲೇ ಘಟ ಕೆಟ್ಟಿತು. ದೇವರ ಜಗಲಿಯ ಮೇಲೆ ಹೊಲದ ಮಣ್ಣು ಹರಡಿ, ನಡುವೆ ನೀರು ತುಂಬಿದ ಗಡಿಗೆ ಇಟ್ಟು, ಸುತ್ತ ಬಿಳಿಜೋಳ ಚೆಲ್ಲುವುದು ನಮ್ಮಲ್ಲಿಯ ಪದ್ಧತಿ. ದಸರೆಯ ಹೊತ್ತಿಗೆ ಸಸಿ ಗೇಣುದ್ದ ಬೆಳೆದರೆ ಮನೆಗೆ ಒಳ್ಳೆಯದು. ನಮ್ಮ ಸಸಿ ಗೇಣುದ್ದ ಹೋಗಲಿ, ಉಗುರುದ್ದವೂ ಏಳಲಿಲ್ಲ. ಮೊದಲು ಬಿಳಿ ಬೂಷ್ಟು, ಆಮೇಲೆ ಕರಿ ಬೂಷ್ಟು, ಕೊನೆಗೆ ಊದಿನಕಡ್ಡಿಗೂ ಬಗ್ಗದ ವಾಸನೆ.

ಯಾಕೆ ಕೆಟ್ಟಿತು ಎಂಬುದು ಕಣ್ಣಿದ್ದವರಿಗೆ ಕಾಣುವಂತಿತ್ತು. ಘಟದ ಕಾಳು ನಮ್ಮ ಹಗೇವಿನದೇ ಆಗಬೇಕು ಎಂಬುದು ಅತ್ತೆಯ ಕಟ್ಟಳೆ. ಅಂಗಳದ ನೆಲದಡಿಯ ಆ ಕಣಜಕ್ಕೆ ಮಳೆಗಾಲದಲ್ಲಿ ನೀರು ಇಳಿದು ಜೋಳವೆಲ್ಲ ಮುಗ್ಗಾಗಿತ್ತು. ಕಾಳು ತೊಳೆಯಬಾರದು, ತೊಳೆದರೆ ಲಕ್ಷ್ಮಿ ಹೋಗುತ್ತಾಳೆ. ಅದರ ಮೇಲೆ ಅತ್ತೆಯ ಭಕ್ತಿ ಬೇರೆ. ಜಗಲಿಯ ಮುಂದೆ ಹಾಯ್ದಾಗಲೆಲ್ಲ ಒಂದೊಂದು ತಂಬಿಗೆ ನೀರು. ಆದರೆ ಆ ವರ್ಷ ಮನೆಗೆ ಹೊಸದಾಗಿ ಬಂದು ಘಟಕ್ಕೆ ಕಾಳು ಚೆಲ್ಲಿದವಳು ನಾನು. ಓಣಿಯ ಹೆಂಗಸರು ಘಟವನ್ನು ನೋಡಿದರು, ನನ್ನ ಕಾಲನ್ನು ನೋಡಿದರು. ಕಾಲ್ಗುಣ ಎಂಬ ಮಾತು ಹುಟ್ಟಲು ಇನ್ನೇನು ಬೇಕು?

ಅತ್ತೆ ಬಾಯಿಬಿಟ್ಟು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಾನೂ ನಾಲ್ಕು ಅಂದು ಹಗುರಾಗುತ್ತಿದ್ದೆ. ದಸರೆ ಮುಗಿದು ಹಿಂಗಾರಿ ಬಿತ್ತನೆಗೆ ಕೂರಿಗೆ ಹೊರಡುವ ದಿನ ಮನೆಯ ಮುತ್ತೈದೆಯರು ಅದಕ್ಕೆ ಪೂಜೆ ಮಾಡಿ ಕಳಿಸುತ್ತಾರೆ. ಕೂರಿಗೆಯ ಬಟ್ಟಲಿಗೆ ಮೊದಲ ಹಿಡಿ ಬೀಜ ಹಾಕುವವಳು ಹೊಸ ಸೊಸೆ. ತವರಿನಲ್ಲಿ ನನ್ನ ಅತ್ತಿಗೆ ಹಾಕುವುದನ್ನು ನೋಡಿ, ನನಗೂ ಒಂದು ದಿನ ಬರುತ್ತದೆ ಎಂದು ಆಸೆಪಟ್ಟಿದ್ದೆ. ಇಳಕಲ್ ಸೀರೆಯ ನಿರಿಗೆ ಸರಿಮಾಡಿಕೊಂಡು ಆರತಿ ಹಿಡಿದು ಅಂಗಳಕ್ಕೆ ಬಂದರೆ, ಅತ್ತೆ ಭಾಳ ಮೆತ್ತಗೆ ಹೇಳಿದರು:

"ಒಲಿ ಮ್ಯಾಲ ಹಾಲು ಐತಿ, ಉಕ್ಕೀತು. ನೀ ಒಳಗ ಹೋಗಿ ನೋಡ್ಕೋ."

ಒಳಗೆ ಹೋದೆ. ಒಲೆಯ ಮೇಲೆ ಹಾಲೇ ಇರಲಿಲ್ಲ. ಒಲೆಯೂ ಹೊತ್ತಿರಲಿಲ್ಲ. ಆ ತಣ್ಣಗಿನ ಒಲೆಯ ಮುಂದೆ ಕೂತು ಹೊರಗಿನ ಎತ್ತುಗಳ ಗಂಟೆ ಕೇಳುತ್ತ ಕಣ್ಣೀರು ಹಾಕಿದ್ದು ಈಗಲೂ ನೆನಪಿದೆ.

ಮರುವರ್ಷ ನವರಾತ್ರಿ ಹತ್ತಿರ ಬಂದಾಗ, ಸೊಸೆ ಈ ಸಲ ಘಟಕ್ಕೆ ಕೈ ಹಚ್ಚುವುದು ಬೇಡ ಎಂದು ಹಿರಿಯರಲ್ಲಿ ತೀರ್ಮಾನವಾಯಿತು. ಆಗಲಿ ಎಂದೆ. ಆದರೆ ಅದೇ ಮುಗ್ಗು ಜೋಳ ಮತ್ತೆ ಕೆಟ್ಟರೆ ಅದೂ ನನ್ನ ತಲೆಗೇ ಬರುತ್ತದಲ್ಲ! ಗಂಡನ ಹತ್ತಿರ ಹೋಗಿ, ನಿಮ್ಮ ಡಬ್ಬಿಯ ಪುಡಿ ಒಂದು ಚಿಟಿಕೆ ಕೊಡಿ ಎಂದು ಕೇಳಿದೆ. ಅವರು ಹೌಹಾರಿದರು. ಅದು ವಿಷ, ಬಿತ್ತುವ ಬೀಜಕ್ಕೆ ಮಾತ್ರ. ಘಟದ ಸಸಿಯನ್ನು ದಸರೆಯ ದಿನ ಎಲ್ಲರೂ ಮುಡಿಯುತ್ತಾರೆ, ಅವ್ವ ಪ್ರಸಾದ ಅಂತ ಒಂದೆಳೆ ಬಾಯಿಗೂ ಹಾಕಿಕೊಳ್ಳುತ್ತಾಳೆ, ನನ್ನ ಅವ್ವನನ್ನು ಕೊಲ್ಲಬೇಕಂತ ಮಾಡಿದ್ದೀಯೇನು ಎಂದು ಕೇಳಿದರು. ಇಲ್ಲ ಎನ್ನಲು ನಾನು ಸ್ವಲ್ಪ ತಡ ಮಾಡಿದೆ ಅನ್ನಿ.

ಆಮೇಲೆ ಸರಕಾರಿ ನೌಕರರಾದ್ದರಿಂದ ಉಪನ್ಯಾಸವನ್ನೂ ಕೊಟ್ಟರು. ಬಾಯಿಗೆ ಹೋಗುವ ಮೊಳಕೆಯ ಕಾಳಿಗೆ ಪುಡಿ ಬೇಡ, ಬಿಸಿನೀರು ಸಾಕು. ಬೆರಳು ಅದ್ದಲು ಬರಬೇಕು, ಆದರೆ ಅದ್ದಿದ ಬೆರಳು ಅಲ್ಲೇ ಇರಲು ಆಗಬಾರದು, ಅಷ್ಟು ಬಿಸಿ. ಹೆಚ್ಚಾದರೆ ಬೀಜ ಸಾಯುತ್ತದೆ, ಕಡಿಮೆಯಾದರೆ ಬೂಷ್ಟು ಸಾಯುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ತೆಗೆದು, ತಣ್ಣೀರು ಹಾಕಿ, ನೆರಳಲ್ಲಿ ಒಣಗಿಸಬೇಕು. ಇಷ್ಟು ಗೊತ್ತಿದ್ದವರು ನಿಮ್ಮ ಅವ್ವನಿಗೇ ಹೇಳಬಾರದೇ ಎಂದೆ. ಸಾಹೇಬರು ಸೈಕಲ್ಲಿಗೆ ಗಾಳಿ ಹೊಡೆಯಲು ಹೋದರು.

ಮೊದಲು ಒಂದು ಹಿಡಿ ಕಾಳಿನ ಮೇಲೆ ಪರೀಕ್ಷೆ ಮಾಡಿದೆ. ಸಿಟ್ಟಿನಲ್ಲಿ ನೀರು ಹೆಚ್ಚು ಕಾಸಿಬಿಟ್ಟಿದ್ದೆ. ಕಾಳು ಉಸುಳಿಯಾಯಿತು, ಕೋಳಿಗಳು ತಿಂದವು. ಎರಡನೇ ಹಿಡಿಗೆ ಬೆರಳನ್ನೇ ನಂಬಿದೆ. ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟ ಕಾಳು ಹಲ್ಲಿನಂಥ ಬಿಳಿ ಮೊಳಕೆ ಒಡೆಯಿತು, ಬೂಷ್ಟಿನ ಸುಳಿವಿಲ್ಲ. ಅತ್ತೆ ಇಳಕಲ್ಲಿನ ಬೀಗರ ಮನೆಗೆ ಉಡಿ ತುಂಬಿಸಿಕೊಳ್ಳಲು ಹೋದ ದಿನ, ಘಟಕ್ಕೆಂದು ಆರಿಸಿಟ್ಟ ಜೋಳದ ಬುಟ್ಟಿಯನ್ನು ಕೆಳಗಿಳಿಸಿ ಇಡೀ ಶಾಸ್ತ್ರ ಮುಗಿಸಿದೆ. ಒಣಗಿಸಲು ಮಡಿ ಬಟ್ಟೆ ಬೇಕಿತ್ತು. ನನ್ನ ಹೊಸ ಇಳಕಲ್ ಸೀರೆಯ ಸೆರಗು ಹಾಸಿದೆ. ಅದರ ಕೆಂಪು ಬಣ್ಣ ಬಿಡುತ್ತದೆ ಎಂಬುದು ಉಪನ್ಯಾಸದಲ್ಲಿ ಬಂದಿರಲಿಲ್ಲ. ಸಂಜೆ ನೋಡಿದರೆ ಅಲ್ಲಲ್ಲಿ ಕಾಳು ಕೆಂಪಾಗಿತ್ತು. ಮತ್ತೆ ತೊಳೆಯೋಣವೆಂದರೆ ಅಷ್ಟರಲ್ಲಿ ಅತ್ತೆಯ ಬಸ್ಸು ಬಂದಿತ್ತು. ಬುಟ್ಟಿಯನ್ನು ಇದ್ದಲ್ಲೇ ಇಟ್ಟುಬಿಟ್ಟೆ.

ಘಟ ಹಾಕುವ ದಿನ ಅತ್ತೆ ಬುಟ್ಟಿ ತೆಗೆದು ಕಾಳನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅವರು ಓಣಿಯ ಹೆಂಗಸರನ್ನು ಕರೆದು, ತಾಯಿ ತಾನೇ ಬಂದು ಕಾಳಿಗೆ ಕುಂಕುಮ ಹಚ್ಚಿ ಹೋಗಿದ್ದಾಳೆ ಎಂದು ತೋರಿಸಿದರು. ಎಲ್ಲರೂ ಕೈ ಮುಗಿದರು. ನಾನೂ ಮುಗಿದೆ, ಮತ್ತೇನು ಮಾಡಲಿ?

ಆ ವರ್ಷದ ಸಸಿಯನ್ನು ನೋಡಬೇಕಿತ್ತು! ಗೇಣು ಮೀರಿ ಬೆಳೆದು ಗಡಿಗೆಯ ಕುತ್ತಿಗೆ ಮುಟ್ಟಿತ್ತು. ಇನ್ನಾದರೂ ನನ್ನ ಕಾಲ್ಗುಣ ತೊಳೆದುಹೋಯಿತು ಎಂದು ಹಿಗ್ಗಿ ನಿಂತಿದ್ದೆ. ಅತ್ತೆ ಸಸಿ ಮುಡಿಯುತ್ತ ಬಂದವರಿಗೆಲ್ಲ ಹೇಳಿದರು:

"ಈ ಸಲ ಆಕಿ ಕೈ ಹಚ್ಚಲಿಲ್ಲ ನೋಡ್ರಿ, ಅದಕ್ಕ ಇಷ್ಟು ಛಂದ ಬಂತು."

ಹೇಳಿದರೆ ದೇವಿಯ ಕಾಳನ್ನು ಕುದಿಸಿದವಳು, ಹೇಳದಿದ್ದರೆ ಕಾಲ್ಗುಣ ಕೆಟ್ಟವಳು. ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಮೂಲೆಯಲ್ಲಿ ನಿಂತಿದ್ದ ಗಂಡನ ಕಡೆ ನೋಡಿದೆ. ಅವರು ಸಸಿಯ ಎತ್ತರವನ್ನು ಮೆಚ್ಚಿಕೊಳ್ಳುತ್ತಿದ್ದರು. ಕೂರಿಗೆ ಹೊರಡುವ ದಿನ ನನ್ನನ್ನು ಯಾರೂ ಒಳಗೆ ಕಳಿಸಬೇಕಾಗಲಿಲ್ಲ. ನಾನೇ ಹೋಗಿ ಇಲ್ಲದ ಹಾಲನ್ನು ಕಾಯುತ್ತ ಕೂತೆ.

ಅದರ ಮರುವರ್ಷ ಹೆರಿಗೆಗೆ ಬಾಗಲಕೋಟೆಯ ತವರಿಗೆ ಬಂದಿದ್ದೆ. ಹುನಗುಂದದಲ್ಲಿ ಘಟ ಮತ್ತೆ ಕೆಟ್ಟಿತು ಎಂಬ ಸುದ್ದಿ ಬಂತು. ಖರೆ ಹೇಳುತ್ತೇನೆ, ಖುಷಿಯಾಯಿತು. ಈ ಸಲ ನನ್ನ ಕೈಯೂ ಇಲ್ಲ, ಕಾಲೂ ಇಲ್ಲ. ಇನ್ನು ಯಾರ ಮೇಲೆ ಹಾಕುತ್ತಾರೋ ನೋಡೋಣ ಎಂದುಕೊಂಡೆ.

ದಸರೆಯಾದ ಮೇಲೆ ಅತ್ತೆ ಕೂಸು ನೋಡಲು ಬಂದರು. ಕೂಸನ್ನು ಎತ್ತಿಕೊಂಡು, ನೆರೆದ ಹೆಂಗಸರ ಮುಂದೆ, ಮನೆಯ ಲಕ್ಷ್ಮಿಯೇ ತವರಿನಲ್ಲಿ ಕೂತರೆ ಘಟ ಹೇಗೆ ಬಂದೀತು ಎಂದರು. ನನ್ನ ಅವ್ವ ಹಿಗ್ಗಿ ಹೀರೇಕಾಯಿಯಾದಳು. ನಾನು ಮಾತ್ರ ಲೆಕ್ಕ ಹಾಕುತ್ತಿದ್ದೆ. ಕೈ ಹಚ್ಚಿದೆ, ಕೆಟ್ಟಿತು. ಕೈ ಹಚ್ಚಲಿಲ್ಲ, ಬಂತು. ಮನೆಯಲ್ಲೇ ಇರಲಿಲ್ಲ, ಕೆಟ್ಟಿತು. ಈ ಶಾಸ್ತ್ರವನ್ನು ಯಾವ ಸಾಲಿಯಲ್ಲೂ ಕಲಿಸುವುದಿಲ್ಲ.

ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ನನಗೆ ಎರೆಯಲು ಅವ್ವ ಹಂಡೆಯ ನೀರು ಕಾಸಿದ್ದಳು. ಅತ್ತೆ ಬಂದು, ಕೂಸು ಅಳುತ್ತಿದೆ, ನೀವು ಒಳಗೆ ನೋಡಿ ಎಂದು ಅವಳನ್ನು ಕಳಿಸಿದರು. ಕೂಸು ಅಳುತ್ತಿರಲಿಲ್ಲ. ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಕೇಳಿದರು:

"ಕಾಳಿಗೆ ಹಾಕಿದ ನೀರು ಎಷ್ಟು ಬಿಸಿ ಇತ್ತು?"

ಯಾವ ಕಾಳು, ಯಾವ ನೀರು ಎಂದೆ.

"ನಾಟಕ ಮಾಡಬ್ಯಾಡ. ಆ ಕೆಂಪು ಎಲ್ಲಿದು ಅಂತ ನನಗ ತಿಳಿಯೂದಿಲ್ಲೇನು? ನಾನೂ ಇಳಕಲ್ಲ ಸೀರಿ ಉಟ್ಟಾಕಿ. ಕೋಳಿ ಮುಂದ ಬಿದ್ದ ಬೆಂದ ಕಾಳೂ ಕಂಡೀನಿ."

ಒಂದು ವರ್ಷ! ಒಂದು ವರ್ಷ ಗೊತ್ತಿದ್ದೂ ಗೊತ್ತಿದ್ದೂ ನನ್ನನ್ನು ಒಲೆಯ ಮುಂದೆ ಕೂರಿಸಿದ್ದರು ಈ ಹೆಂಗಸು. ಆದರೆ ಈ ಸಲ ಕಾಳಿನ ಗುಟ್ಟು ನನ್ನ ಕೈಯಲ್ಲಿತ್ತು.

"ಕೂರಿಗಿಗೆ ಮೊದಲ ಹಿಡಿ ಬೀಜ ಯಾರ ಹಾಕ್ತಾರ? ಮೊದಲ ಅದನ್ನ ಹೇಳ್ರಿ, ಅತ್ತಿ."

ಅತ್ತೆ ಹಂಡೆಯ ಕೆಳಗೆ ಒಂದು ಕಟ್ಟಿಗೆ ದೂಡಿದರು. ಹೊಗೆಗೆ ಕಣ್ಣು ಒರೆಸಿಕೊಂಡರು.

"ಬರೂ ವರ್ಷದಿಂದ ನೀನಽ ಹಾಕು."

"ಮತ್ತ ಒಲಿ ಮ್ಯಾಲಿನ ಹಾಲು?"

"ಅದನ್ನ ನಾ ನೋಡ್ಕೋತೇನಿ."

ನಾನು ಅವರ ಕೈ ಹಿಡಿದು ಒಂದು ಬೆರಳನ್ನು ಹಂಡೆಯೊಳಗೆ ಅದ್ದಿದೆ. ಅವರು ಹಾ ಎಂದು ಬೆರಳು ಕಿತ್ತುಕೊಂಡರು. ಇಷ್ಟೇ ಬಿಸಿ ಇತ್ತು ಎಂದೆ.