ಬೂದವ್ವನ ಊಟ

ಹೋದ ತಿಂಗಳು ಒಂದು ಮಧ್ಯಾಹ್ನ, ಊಟಕ್ಕೆ ಕೂತಾಗ, ಅಪ್ಪ ಇಲಿಗಳ ಮಾತು ತೆಗೆದರು. ದೀಪಾವಳಿಯಿಂದೀಚೆಗೆ ನಮ್ಮ ಕಾಳಿನ ಅಂಗಡಿಯ ಗೋದಾಮಿನಲ್ಲಿ ಇಲಿ ವಿಪರೀತವಾಗಿವೆ, ಜೋಳದ ಚೀಲ ಒಂದೂ ನೆಟ್ಟಗಿಲ್ಲ ಎಂದರು. ಅಷ್ಟೇ. ಅಜ್ಜಿ ತುತ್ತು ಕೆಳಗಿಟ್ಟಳು.

"ಹಂಗಾದ್ರ ಆಕಿ ಹಸದಾಳ," ಅಂದಳು.

ಆಕಿ ಅಂದರೆ ಬೂದವ್ವ. ನಮ್ಮ ಬೆಕ್ಕು. (ಮನೆಯ ಮಾತನ್ನು ಈ ಅಂಕಣದಲ್ಲಿ ಬರೆಯುವವಳಲ್ಲ ನಾನು, ನಿಮಗೆ ಗೊತ್ತು. ಈ ವಾರ ಬೇರೆ ಏನೂ ಬರೆಯಲಾಗಲಿಲ್ಲ.)

ನಾನು ಹೈದರಾಬಾದಿನ ಕಾಲೇಜಿಗೆ ಹೋಗುವಾಗಲೇ ಅದು ದೊಡ್ಡ ಬೆಕ್ಕು. ಬಿ.ಎ. ಮುಗಿಸಿ ಉದಗೀರಿಗೆ ಮರಳಿದಾಗ ಮುದುಕಿ. ಬೂದಿ ಬಣ್ಣ. ಹುಟ್ಟುವಾಗಲೇ ವಿಭೂತಿ ಹಚ್ಚಿಕೊಂಡು ಬಂದವಳು ಎಂದು ಅಜ್ಜಿಗೆ ಅಭಿಮಾನ. ಅಜ್ಜಿಯ ಲಿಂಗಪೂಜೆ ಮುಗಿಯುವ ತನಕ ಹೊಸ್ತಿಲ ಮೇಲೆ ಕಾಯುತ್ತಿತ್ತು. ಆಮೇಲೆ ಹಾಲು, ತುಪ್ಪ ಸವರಿದ ರೊಟ್ಟಿ. ನಮ್ಮ ಬೆಕ್ಕು ಹಾಲಿನ ಮೇಲೆಯೇ ಇದೆ ಎಂದು ಅಂಗಡಿಗೆ ಬಂದ ರೈತರಿಗೆಲ್ಲ ಅಜ್ಜಿ ಹೇಳುತ್ತಿದ್ದಳು. ರೈತರು ಹೌದೆನ್ನುತ್ತಿದ್ದರು. ಗೋದಾಮಿನ ಕತ್ತಲಲ್ಲಿ ಅದೇನು ಮಾಡುತ್ತದೆ ಎಂದು ಕೇಳುವಷ್ಟು ಒರಟರಲ್ಲ ಅವರು.

ಈ ಚಳಿಗಾಲದಲ್ಲಿ ಅದು ಸೊರಗತೊಡಗಿತು. ಸವರಿದರೆ ಕೈಗೆ ಬೆನ್ನಮೂಳೆ ಸಿಗುತ್ತಿತ್ತು. ಅಜ್ಜಿ ಹಾಲು ಹೆಚ್ಚಿಸಿದಳು. ಕುಡಿದದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ತಹಸೀಲು ಕಚೇರಿಯ ಕುದುರೆಗಳನ್ನು ನೋಡಲು ಬಂದಿದ್ದ ಸರ್ಕಾರಿ ದನದ ಡಾಕ್ಟರನ್ನು ಅಪ್ಪ ಮನೆಗೆ ಕರೆತಂದರು. ಬೆಕ್ಕಿಗಾಗಿ ಕರೆದದ್ದು ಅವರಿಗೆ ಅಷ್ಟು ಸರಿಬರಲಿಲ್ಲ. ಬಾಯಿ ತೆರೆಸಿ ನೋಡಿ, ಹಲ್ಲು ಹೋಗಿವೆ, ವಯಸ್ಸಾಗಿದೆ ಎಂದು ಹೊರಟರು.

ಹಲ್ಲಿಲ್ಲದ ಬೆಕ್ಕು ಇಲಿ ಹಿಡಿಯುವುದು ಹೇಗೆ? ನಮಗ್ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೆ, ಇಷ್ಟು ವರ್ಷ ಅದು ಬದುಕಿದ್ದು ಯಾತರ ಮೇಲೆ ಎಂದು ಒಪ್ಪಬೇಕಾಗುತ್ತಿತ್ತಲ್ಲ.

ನಮ್ಮ ಮನೆಯಲ್ಲಿ ಮಾಂಸದ ಹೆಸರೂ ಎತ್ತುವುದಿಲ್ಲ. ಆ ಮಧ್ಯಾಹ್ನ ಅಜ್ಜಿಯ ಮಾತಿಗೆ ಅಪ್ಪ, ಇನ್ನಷ್ಟು ತುಪ್ಪ ಹಾಕಿ ನೋಡೋಣ ಎಂದರು. ಅಜ್ಜಿ ಕೈ ತೊಳೆದು, ಬೆಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಪಕ್ಕದ ಮನೆಗೆ ನಡೆದಳು. ನಾನು ಹಿಂದೆ ಹೋದೆ.

ಪಕ್ಕದ್ದು ಮುಸಲ್ಮಾನರ ಮನೆ. ಅಲ್ಲಿಯ ಖಾಲಾ, ಅಂದರೆ ಚಿಕ್ಕಮ್ಮ, ಮತ್ತು ಅಜ್ಜಿ ನಡುಗೋಡೆಯ ಮೇಲಿಂದ ಮಾತಾಡುತ್ತಲೇ ಮುದುಕಿಯರಾದವರು. ಅಜ್ಜಿ ಆ ಬಾಗಿಲು ದಾಟಿದ್ದನ್ನು ನಾನು ಕಂಡಿರಲಿಲ್ಲ. ಖಾಲಾಗೆ ಏನೂ ವಿವರಿಸಬೇಕಾಗಲಿಲ್ಲ. ಮಾಂಸ ಬೇಯಿಸಿದ ನೀರನ್ನು ಆರಿಸಿ ತಂದರು.

"ನನಗ ಗೊತ್ತಿತ್ರಿ ಅವ್ವಾರ," ಅಂದರು. "ಹೇಳಿದ್ರ ನೀವು ಬ್ಯಾಸರ ಮಾಡ್ಕೋತೀರಂತ ಸುಮ್ಮಕಿದ್ದೆ."

ಅಂದಿನಿಂದ ಅದೇ ದಿನಚರಿ. ಖಾಲಾರ ಅಂಗಳದಲ್ಲಿ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಕೂರುವಳು, ಇನ್ನೊಂದು ಕೈ ಬೆಕ್ಕಿನ ಬೆನ್ನ ಮೇಲೆ. ಮರಳಿ ಬಂದು ತಣ್ಣೀರು ಸ್ನಾನ. ಆಮೇಲೆಯೇ ಪೂಜೆ, ಊಟ. ಅಪ್ಪನಿಗೆ ಈ ಚಳಿಯ ಭಯ. ಬೆಕ್ಕನ್ನು ಅಲ್ಲಿ ಬಿಟ್ಟು ಬಾ, ಅವರೇ ಉಣಿಸುತ್ತಾರೆ ಎಂದು ಬೇಡಿಕೊಂಡರು.

"ನಾ ಕೈ ಇಟ್ರನಽ ಆಕಿ ತಿಂತಾಳ," ಅಂದಳು ಅಜ್ಜಿ.

ನಡುವೆ ಒಂದು ದಿನ ಬೂದವ್ವ ಮುಂಗಾಲು ನೆಕ್ಕಿ ಮುಖ ಒರೆಸಿಕೊಂಡಿತು. ಎಷ್ಟೋ ದಿನಗಳ ಮೇಲೆ. ಇಬ್ಬರು ಮುದುಕಿಯರೂ ಹಬ್ಬ ಬಂದಂತೆ ನಕ್ಕರು. ಆದರೆ ಅಷ್ಟರೊಳಗೆ ಕೈಮೀರಿ ಹೋಗಿತ್ತು.

ಹೋದ ಸೋಮವಾರ ಖಾಲಾರ ಅಂಗಳದ ಬಿಸಿಲಿನಲ್ಲಿ, ಬಟ್ಟಲಿಗೆ ಬಾಯಿ ಹಚ್ಚದೆ, ಅಜ್ಜಿಯ ಪಾದದ ಮೇಲೆ ತಲೆಯಿಟ್ಟಿತು. ಮತ್ತೆ ಎತ್ತಲಿಲ್ಲ.

ನಮ್ಮ ಹಿತ್ತಿಲ ಬೇವಿನ ಬುಡದಲ್ಲಿ ಅಪ್ಪನೇ ಕುಣಿ ತೋಡಿದರು. ಅಜ್ಜಿ ಅದರ ಹಣೆಗೆ ವಿಭೂತಿ ಹಚ್ಚಿದಳು. ಖಾಲಾ ಗೋಡೆಯಾಚೆ ನಿಂತು, ಬರಲೇ ಎಂದು ಕೇಳಿದರು. ಅಜ್ಜಿ ಬಾ ಎಂದಳು. ಇಬ್ಬರೂ ಮಣ್ಣು ಹಾಕಿ ದೀಪ ಹಚ್ಚುವ ಹೊತ್ತಿನ ತನಕ ಅಲ್ಲೇ ಕೂತರು. ಸ್ನಾನದ ನೀರನ್ನು ಯಾರೂ ನೆನಪಿಸಲಿಲ್ಲ.

"ಆಕಿಗೆ ಹೇಳಾಕ ಬಾಯಿ ಇರಲಿಲ್ಲ," ಅಂದಳು ಅಜ್ಜಿ, ನನ್ನನ್ನು ನೋಡದೆ. "ನಾನರ ಕೇಳಬೇಕಿತ್ತು."

ಬಾಯಿ ಇದ್ದೂ ಹೇಳಲಾರದೆ, ನಾವು ಪ್ರೀತಿಯಿಂದ ನೀಡಿದ ಹಾಲಿನ ಮುಂದೆ ಹಸಿದು ಕೂತವರು ನಮ್ಮ ಮನೆಗಳಲ್ಲಿ ಇನ್ನೆಷ್ಟು ಮಂದಿ?