ಕಬ್ಬಿನಲ್ಲಿ ಇಳಿದ ವಿಮಾನ

ಮೇಲವಂಕಿಯ ನಮ್ಮ ಹೊಲದ ಮೇಲೆ ಏನೇ ಹಾರಿದರೂ ನನಗೆ ಸಂಶಯ. ಕಣಗಲಾ ಊರಿನ ಹತ್ತಿರ ನನ್ನ ತವರಿನ ಹೊಲ ರಸ್ತೆಗೆ ಹೋಗುವ ಮುಂಚೆ ಹೀಗೇ ಒಂದು ಡ್ರೋನ್ ಸುತ್ತಿತ್ತು. ಇಲ್ಲೂ ಹೊಸ ರಸ್ತೆಯ ಸುದ್ದಿ ಹಬ್ಬಿತ್ತು. ಇದ್ದೊಂದು ಹೊಲವೂ ಹೋದರೆ ಮತ್ತೆ ಕುರಿ ಹೊಡೆದುಕೊಂಡು ಊರೂರು ಅಲೆಯಬೇಕು.

ಅವತ್ತು ಬಾವಿಯ ಹತ್ತಿರ ಅರಿವೆ ಒಗೆಯುತ್ತಿದ್ದೆ. ಹಿಂದಿನಿಂದ ವಿಮಾನದ ಸದ್ದು ಬಂತು, ಕೆಮ್ಮಿದಂತಾಗಿ ನಿಂತೇಹೋಯಿತು. ತಿರುಗಿ ನೋಡುವಷ್ಟರಲ್ಲಿ ಕಬ್ಬು ಲಟಲಟ ಮುರಿಯುತ್ತಿತ್ತು. ಮೊದಲು ಮಗಳ ಹತ್ತಿರ ಓಡಿದೆ. ಗೊಬ್ಬರಕ್ಕೆಂದು ರಾತ್ರಿ ಕುರಿ ಕೂಡಿಹಾಕುವ ಪಕ್ಕದ ಬಯಲಿನಲ್ಲಿ, ಸೀರೆ ಕಟ್ಟಿದ ಜೋಳಿಗೆಯೊಳಗೆ ಹಾಯಾಗಿ ನಿದ್ದೆ ಮಾಡುತ್ತಿದ್ದಳು.

ಕಬ್ಬಿನೊಳಗಿಂದ ಒಬ್ಬ ಹುಡುಗಿ ಬಂದಳು. ಹಣೆಯಲ್ಲಿ ರಕ್ತ, ಕೊರಳಲ್ಲಿ ದಪ್ಪನೆಯ ಹೆಡ್‌ಫೋನ್.

“ಎಂಜಿನ್ ಬಂದ್ ಬಿತ್ತರಿ. ವಿಮಾನ ಕಲಿಯಾಕತ್ತೇನಿ. ಸ್ವಲ್ಪ ನೀರ ಕೊಡ್ರಿ.”

ನಮ್ಮ ಮಾತನ್ನೇ ಆಡಿದ್ದಕ್ಕೆ ನನ್ನ ಸಂಶಯ ಇನ್ನೂ ಬಲಿಯಿತು. ತವರಿನ ಹೊಲ ಅಳೆಯಲು ಮೊದಲು ಬಂದವರೂ ನಮ್ಮ ಕಡೆಯವರೇ, ನಗುನಗುತ್ತ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ.

ಸದ್ದು ಕೇಳಿ ಗುಡಿಸಲಿನಿಂದ ಬಂದ ಅತ್ತೆ ಆ ಹೆಡ್‌ಫೋನ್ ಕಿತ್ತುಕೊಂಡು, ಕಂಬಳಿಯ ಕೆಳಗಿಟ್ಟು, ಅದರ ಮೇಲೇ ಕುಳಿತರು. ಅವರ ಲೆಕ್ಕದಲ್ಲಿ ಅದು ಹೊಲ ಅಳೆಯುವ ಯಂತ್ರ.

“ನೀರ ಕೊಡು,” ಅಂದರು ನನಗೆ. “ಚಾ ಕೊಡಬ್ಯಾಡ. ಬೀಗತಿ ಅಲ್ಲ ಆಕಿ.”

ಹುಡುಗಿ ತಂಬಿಗೆ ಕೆಳಗಿಡುವ ಮೊದಲೇ ನಾನು ಕೇಳಿಬಿಟ್ಟೆ, “ಬಾಜೂಕ ಬಯಲ ಹೊಲ ಐತಿ. ಅದನ್ನ ಬಿಟ್ಟು ಕಬ್ಬಿನ್ಯಾಗ ಯಾಕ ಹೊಕ್ಕಿ? ಯಾರಿಗೂ ಕಾಣಬಾರದು ಅಂತ ಹೌದಿಲ್ಲ?”

“ಬಯಲಾಗ ಇಳಿಯಾಕ ಹೊಂಟಿದ್ನಿರಿ,” ಅಂದಳು. “ಹತ್ರ ಬಂದಾಗ ಮೂರು ಕೋಲಿಗೆ ಕೆಂಪು ಸೀರಿ ಕಟ್ಟಿದ್ದು ಕಾಣಿಸ್ತು. ಮೂಡಲಗಿಯಾಗ ನಮ್ಮವ್ವ ಕೂಲಿಗೆ ಹೋದಾಗ ನನ್ನೂ ಹಂಗ ಮಲಗಸ್ತಿದ್ಳು. ಒಳಗ ಕೂಸು ಇರಬೇಕು ಅನಿಸ್ತು. ವಿಮಾನ ಕಬ್ಬಿನ ಕಡಿ ಹೊರಳಿಸಿಬಿಟ್ನಿ.”

ಅತ್ತೆ ಎದ್ದು, ಹೆಡ್‌ಫೋನ್ ತೆಗೆದು ಸೆರಗಿನಿಂದ ಒರೆಸಿ ಅವಳ ಮಡಿಲಿಗಿಟ್ಟರು. ಅದೇ ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ ಅವಳ ಹಣೆಗೆ ಹಿಡಿದರು.

“ಚಾ ಇಡು,” ಅಂದರು ನನಗೆ.

ನಾನು ಮಗಳನ್ನು ಜೋಳಿಗೆಯಿಂದ ಎತ್ತಿಕೊಂಡು ಬಂದು ಒಲೆಯ ಮುಂದೆ ಕುಳಿತೆ. ಚಹಾಕ್ಕೆ ಹಾಲನ್ನು ತುಸು ಹೆಚ್ಚೇ ಹಾಕಿದೆ.